ಶಾಂತೂನ ಪಾಲಿನ ಹಿಡಿ

ಜೋಳ ಬೀಸಲು ಕೂಡುವ ಮೊದಲು ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕಬೇಕು. ಅದು ಕೊಲ್ಹಾಪುರದ ಬೋರ್ಡಿಂಗಿನಲ್ಲಿ ಉಳಿದು ಓದುವ ಬಡ ಹುಡುಗರ ಪಾಲು. ಗಡಹಿಂಗ್ಲಜದ ಜೈನರ ಮನೆಗಳಿಗೆ ಈ ರೂಢಿ ಹಚ್ಚಿದವನು ಜಿನಗೊಂಡ. ಹುಣ್ಣಿಮೆ ಬಂತೆಂದರೆ ಹೆಗಲಿಗೆ ಚೀಲ ಹಾಕಿಕೊಂಡು ಹಾಜರಾಗುತ್ತಿದ್ದ. ಯುದ್ಧದಿಂದ ಕಾಳು ತುಟ್ಟಿಯಾದ ಆ ದಿನಗಳಲ್ಲೂ, ಎಂಜಲು ಕೈಯಲ್ಲಿ ಕಾಗೆ ಓಡಿಸದ ವ್ಯಾಪಾರಿಗಳು ಅವನ ಮಾತಿಗೆ ಮರುಳಾಗಿ ಗಡಿಗೆ ಬರಿದು ಮಾಡುತ್ತಿದ್ದರು. ಕಾಳು ಒಯ್ಯುವವನು ಬರಿಗೈಯಲ್ಲಿ ಬರುತ್ತಿರಲಿಲ್ಲ. ಯಾರ ಮಗ ಪಾಸಾದ, ಯಾರ ಮಗ ದಪ್ಪಗಾದ ಎಂಬ ಸುದ್ದಿಯನ್ನೆಲ್ಲ ಹೊತ್ತು ತರುತ್ತಿದ್ದ.

ಅಂಥ ಮಾತುಗಾರ ಒಂದು ಬಾಗಿಲಿಗೆ ಮಾತ್ರ ಹೆದರಿದ. ರಾಜಮತಿಬಾಯಿಯ ಒಬ್ಬನೇ ಮಗ ಶಾಂತಿನಾಥ ಅದೇ ಬೋರ್ಡಿಂಗಿನಲ್ಲಿ ವಿಷಮಜ್ವರ ಬಂದು ತೀರಿಕೊಂಡಿದ್ದ. ಹುಡುಗನನ್ನು ಅಲ್ಲಿ ಬಿಡಲು ಆ ವಿಧವೆ ತಾಯಿಯನ್ನು ಒಪ್ಪಿಸಿದವನೂ ಜಿನಗೊಂಡನೇ. ಇನ್ನು ಯಾವ ಮುಖ ಇಟ್ಟುಕೊಂಡು ಅವಳ ಮುಂದೆ ಚೀಲ ಒಡ್ಡಲಿ ಎಂದು ಮಳೆಗಾಲವಿಡೀ ಆ ಓಣಿಯನ್ನೇ ತಪ್ಪಿಸಿ ಓಡಾಡಿದ. ತಾನು ದೊಡ್ಡ ದಯೆ ತೋರಿಸುತ್ತಿದ್ದೇನೆ ಅಂದುಕೊಂಡಿದ್ದ, ಪುಣ್ಯಾತ್ಮ.

ದೀಪಾವಳಿ ಮುಗಿದ ಮೇಲೆ ಅವಳ ನೆರೆಮನೆಯ ಚಂಪಾಬಾಯಿ ಅವನನ್ನು ಸಂತೆಯಲ್ಲಿ ಹಿಡಿದು ನಿಲ್ಲಿಸಿ ಚೆನ್ನಾಗಿ ಬೈದಳು. ಹುಣ್ಣಿಮೆ ಬಂದಾಗೆಲ್ಲ ರಾಜಮತಿ ಹೊಸ್ತಿಲಲ್ಲಿ ಕೂತು ದಾರಿ ನೋಡುತ್ತಾಳಂತೆ. ಮಗನನ್ನು ತಿಂದವಳ ಕೈಯ ಕಾಳು ಬೋರ್ಡಿಂಗಿಗೆ ಬೇಡವಾಯಿತೇನೋ ಎಂದು ಕೊರಗುತ್ತಾಳಂತೆ. ಜಿನಗೊಂಡ ಸಂತೆಯನ್ನು ಅಲ್ಲೇ ಬಿಟ್ಟು ಅವಳ ಮನೆಗೆ ಓಡಿದ.

ರಾಜಮತಿ ಸಿಟ್ಟಾಗಲಿಲ್ಲ, ಆಗಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಕುಡಿಯಲು ನೀರು ಕೊಟ್ಟಳು, ಒಳಗೆ ಕರೆದು ಗಡಿಗೆಯ ಮುಚ್ಚಳ ತೆಗೆದಳು. ಕಂಠದವರೆಗೆ ತುಂಬಿದ್ದ ಜೋಳದ ಮೇಲೆ ಕರಿಹುಳುಗಳು ಹರಿದಾಡುತ್ತಿದ್ದವು. ಜೀವ ಹರಿದಾಡುವ ಕಾಳನ್ನು ಬೀಸುವುದು ಅವರ ಧರ್ಮದಲ್ಲಿ ಸಲ್ಲದು. ಅವನು ಬಂದು ಒಯ್ದಿದ್ದರೆ ಹುಡುಗರ ಹೊಟ್ಟೆ ಸೇರುತ್ತಿದ್ದ ಕಾಳು ಈಗ ಯಾರ ಉಪಯೋಗಕ್ಕೂ ಬಾರದೆ ಹೋಗಿತ್ತು.

"ಬೋರ್ಡಿಂಗಿನ ಹುಡುಗರು ಉಂಡ್ರ ನಮ್ಮ ಶಾಂತೂನೂ ಉಂಡಂಗ ಅಂತ ದಿನಾ ಹಾಕ್ಕೋತ ಬಂದೆ, ಅಣ್ಣಾರ," ಅಂದಳು. "ನೀವು ಬರಲೇ ಇಲ್ಲ."

ಜಿನಗೊಂಡನಿಗೆ ಅಳು ತಡೆಯಲಾಗಲಿಲ್ಲ. ತಪ್ಪಾಯಿತೆಂದು ಕೈಮುಗಿದ. ಇದು ಹೋದರೆ ಹೋಗಲಿ, ಇವತ್ತಿನ ಒಂದು ಹಿಡಿಯನ್ನಾದರೂ ಕೊಡಿ, ನಾಳೆಯೇ ಹುಡುಗರ ತಾಟಿಗೆ ಮುಟ್ಟಿಸುತ್ತೇನೆ ಎಂದು ಚೀಲದ ಬಾಯಿ ಬಿಚ್ಚಿ ಹಿಡಿದ.

ರಾಜಮತಿ ಬೀಸುಕಲ್ಲಿನ ಕಡೆ ನೋಡಿದಳು. ಸುತ್ತ ಹೊಸ ಹಿಟ್ಟಿತ್ತು; ಆ ದಿನದ ಬೀಸುವುದು ಮುಗಿದಿತ್ತು.

"ಇವತ್ತ ಹಿಡಿ ತಗದಿಲ್ರಿ," ಅಂದಳು. "ನಿನ್ನಿ ಹುಳ ಕಂಡ ಮ್ಯಾಲ ನನಗ ಖರೇ ತಿಳೀತು, ಅಂವ ಇನ್ನ ಉಣ್ಣೂದಿಲ್ಲ ಅಂತ."