ಬುಡದ ಚಿಗುರು

ಒಂದು ಗುಟುಕು ವೈನ್ ಬಾಯಿಗೆ ಬಿದ್ದರೆ ಸಾಕು, ದ್ರಾಕ್ಷಿ ಯಾವ ಇಳಿಜಾರಿನದು, ಎಷ್ಟು ಗಂಟೆಗೆ ಕೊಯ್ದಿದ್ದು ಎಂದೆಲ್ಲ ಅವಳ ದೊಡ್ಡಪ್ಪ ಹೇಳಿಬಿಡುತ್ತಿದ್ದರು. ಸುಳ್ಳೆಂದು ತೋರಿಸಲು ಯಾರ ಬಳಿಯೂ ಪುರಾವೆ ಇಲ್ಲದ್ದರಿಂದ ಅದು ನಲವತ್ತು ವರ್ಷ ನಿಜವೇ ಆಗಿತ್ತು.

ತೋಟ ಪಾಲಾದಾಗ ಅಜ್ಜ ನೆಟ್ಟ ತಾಯಿಬಳ್ಳಿ ಇರುವ ಮೇಲಿನ ತೋಟ ದೊಡ್ಡಪ್ಪನಿಗೆ ಹೋಯಿತು. ಅದರ ಕಡ್ಡಿಗಳಿಂದ ಬೆಳೆಸಿದ ಕೆಳಗಿನ ತೋಟ ಅಪ್ಪನಿಗೆ ಬಂತು. ಈಚೆಗೆ ಅಪ್ಪನ ವೈನ್‌ಗೆ ಹೆಸರು ಬಂದದ್ದೇ ತಡ, ದೊಡ್ಡಪ್ಪನ ನಾಲಿಗೆಗೆ ಅದರಲ್ಲಿ ಬೇರೆ ದ್ರಾಕ್ಷಿಯ ಕಲಬೆರಕೆ ಹತ್ತಿತು. ಬೆಳೆಗಾರರ ಸಂಘಕ್ಕೆ ದೂರು ಕೊಟ್ಟರು. ಸಾಬೀತಾದರೆ ಅಪ್ಪ ಬಾಟಲಿಯ ಮೇಲೆ ಅಜ್ಜನ ತಳಿಯ ಹೆಸರು ಹಾಕುವಂತಿಲ್ಲ. ಡಿಎನ್‌ಎ ಪರೀಕ್ಷೆ ತಮ್ಮನ ಮಗಳಾದ ಅವಳ ಲ್ಯಾಬಿನಲ್ಲೇ ಆಗಲಿ ಎಂದು ಹಟ ಹಿಡಿದವರೂ ಅವರೇ. ಅಪ್ಪನ ಮರ್ಯಾದೆಯನ್ನು ಮಗಳ ಕೈಯಿಂದಲೇ ಕಳೆಯುವುದರ ರುಚಿಯೇ ಬೇರೆ.

ಅಣ್ಣತಮ್ಮಂದಿರ ಎರಡು ವೈನ್ ಬಾಟಲಿಗಳ ಜೊತೆ ಹೋಲಿಸಲು ತಾಯಿಬಳ್ಳಿಯ ಎಲೆ ಬೇಕಿತ್ತು. ಯಾರನ್ನೂ ನಂಬದ ದೊಡ್ಡಪ್ಪ ತಾವೇ ಹೋಗಿ ಕೈಗೆ ಸಿಕ್ಕ ಚಿಗುರನ್ನು ಕಿತ್ತು, ಲಕೋಟೆಗೆ ಹಾಕಿ, ಅರಗಿನ ಮೊಹರು ಒತ್ತಿ ಕಳಿಸಿದರು.

ಸಂಘದ ಸಭೆಯಲ್ಲಿ ಅವಳು ವರದಿ ಓದಿದಳು. ಅಪ್ಪನ ವೈನ್ ಎಲೆಗೆ ಹೊಂದುವುದಿಲ್ಲ ಎನ್ನುತ್ತಲೇ ದೊಡ್ಡಪ್ಪ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. ಅವರು ಕೂರುವವರೆಗೆ ಕಾದು ಮುಂದಿನ ಸಾಲು ಓದಿದಳು. ದೊಡ್ಡಪ್ಪನದೂ ಹೊಂದುವುದಿಲ್ಲ. ಎರಡೂ ವೈನ್ ಒಂದೇ ತಳಿಯವು, ಬೇರೆಯಾಗಿರುವುದು ಎಲೆ.

"ಯಂತ್ರ ಕೆಟ್ಟಿದೆ," ಎಂದರು ದೊಡ್ಡಪ್ಪ.

"ಯಂತ್ರ ಸರಿಯಾಗೇ ಇದೆ ದೊಡ್ಡಪ್ಪ. ನೀವು ಕಿತ್ತಿದ್ದು ಕಸಿ ಗಂಟಿನ ಕೆಳಗಿನ ಚಿಗುರು. ಅದು ಅಜ್ಜ ಕಸಿ ಕಟ್ಟೋಕೆ ಅಂತ ನೆಟ್ಟ ಕಾಡುಬಳ್ಳಿ. ಅದರ ಹಣ್ಣನ್ನ ಹಕ್ಕಿನೂ ತಿನ್ನಲ್ಲ."

ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ಕಣ್ಣಾರೆ ಕಾಣಲು ಸಭೆಗೆ ಸಭೆಯೇ ತಾಯಿಬಳ್ಳಿಯ ಹತ್ತಿರ ನಡೆಯಿತು. ಗಂಟಿನ ಕೆಳಗೆ ಕಾಡುಚಿಗುರು ಸೊಂಟದೆತ್ತರ ಪೊದೆ ಕಟ್ಟಿತ್ತು, ಮೇಲೆ ಅಜ್ಜನ ಬಳ್ಳಿ ಒಣಗತೊಡಗಿತ್ತು. ಮೂಗಿನಿಂದಲೇ ತೋಟ ನೋಡಿಕೊಳ್ಳುವವರಿಗೆ ಬಗ್ಗಿ ನೋಡಲು ಪುರುಸೊತ್ತೆಲ್ಲಿ? ಎಲ್ಲರೂ ಮುಸಿಮುಸಿ ನಕ್ಕರು. ಒಣಗುತ್ತಿದ್ದ ಬಳ್ಳಿ ನೋಡಿ ಅವಳಿಗೆ ಮಾತ್ರ ಸಿಟ್ಟು ಬಂತು.

ಅಪ್ಪ ಜೇಬಿನಿಂದ ಕತ್ತರಿ ತೆಗೆದು ಮಂಡಿಯೂರಿದ.

"ಇದನ್ನ ವರ್ಷಾ ವರ್ಷಾ ತೆಗೀಬೇಕು ಅಣ್ಣ. ನನ್ನನ್ನ ಗೇಟಿನೊಳಗೆ ಬಿಟ್ಟಿದ್ರೆ ನಾನೇ ತೆಗೀತಿದ್ದೆ."

ದೊಡ್ಡಪ್ಪ ಬಗ್ಗಿ, ಅಪ್ಪ ಕತ್ತರಿಸಿ ಹಾಕಿದ ಚಿಗುರೊಂದನ್ನು ಎತ್ತಿ, ಅಭ್ಯಾಸಬಲದಿಂದ ಮೂಗಿಗೆ ಹಿಡಿದರು. ಏನು ವಾಸನೆ ಬಂತೆಂದು ಯಾರೂ ಕೇಳಲಿಲ್ಲ.