ಟೈಲರ್ ಮನೆಯ ಗುಂಡಿ ನೆಲಕ್ಕಿಳಿದದ್ದು

ನಮ್ಮ ಇಸ್ತ್ರಿ ಅಂಗಡಿಯ ಎದುರಿಗೇ ಟೈಲರ್ ಅಂಗಡಿ. ಮುಂದೆ ಹೊಲಿಗೆ ಯಂತ್ರ, ಹಿಂದೆ ಒಂದೇ ಕೋಣೆಯ ಸಂಸಾರ. ಆ ಮನೆಯಲ್ಲಿ ಎಲ್ಲರ ಕೈಯೂ ಚುರುಕು, ಅಜ್ಜಿಯ ಬಾಯಿ ಇನ್ನೂ ಚುರುಕು. ಮಗುವಿಗೆ ಚಂದದ ಹೆಸರೇ ಇಟ್ಟಿದ್ದಾರೆ, ಆದರೆ ಕರೆಯುವುದು ಮಾತ್ರ ಗುಂಡಿ ಅಂತ. ಅಂಗಿಯ ಗುಂಡಿಯ ಹಾಗೇ ದುಂಡಗಿದ್ದಾಳೆ.

ಒಂಬತ್ತು ತಿಂಗಳಾದರೂ ಗುಂಡಿ ನೆಲ ಕಂಡಿರಲಿಲ್ಲ. ಸುಳ್ಳಲ್ಲ. ಹಗಲೆಲ್ಲ ತುಂಡುಬಟ್ಟೆ ತುಂಬಿದ ಬುಟ್ಟಿಯಲ್ಲಿ ಒರಗಿಕೊಂಡಿರುತ್ತಿದ್ದಳು, ಇಲ್ಲವೇ ಯಾರದಾದರೂ ತೋಳಿನಲ್ಲಿ. ಕಾರಣ ಗುಂಡುಸೂಜಿ. ಅಲ್ಲಿ ಎಲ್ಲಿ ಕಾಲಿಟ್ಟರೂ ಸೂಜಿ. ಅಜ್ಜಿ ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆ ಎಳೆದು ಎಳೆದು ಸೂಜಿ ಆರಿಸುತ್ತಿದ್ದರು, ಆದರೂ ಅವರಿಗೆ ಸಮಾಧಾನವಿಲ್ಲ. ಅವರ ಮಗ, ಅಂದರೆ ಈಗಿನ ಟೈಲರಣ್ಣ, ಅಂಬೆಗಾಲಿಡುವಾಗ ಅಂಗೈಗೆ ಸೂಜಿ ಚುಚ್ಚಿ ಒಳಗೇ ಮುರಿದಿತ್ತಂತೆ. ಇನ್ನು ಈ ಮನೆಯ ಯಾವ ಮಗುವೂ ನೆಲಕ್ಕಿಳಿಯಕೂಡದು ಅಂತ ಅವತ್ತೇ ಆಣೆ ಮಾಡಿದ್ದರು. ಹೊರಗಾದರೂ ಕರೆದುಕೊಂಡು ಹೋಗೋಣ ಅಂದರೆ ಧೂಳು, ಬಿಸಿಲು, ಗಾಳಿ. ಒಂದೊಂದಕ್ಕೂ ಒಂದೊಂದು ಹೆದರಿಕೆ.

ಲಸಿಕೆಯ ದಿನ ಗುಂಡಿಯ ತಾಯಿ ನನ್ನನ್ನೂ ಜೊತೆಗೆ ಕರೆದಳು. ನರ್ಸಕ್ಕ ಮಗುವನ್ನು ಹೆಸರು ಹಿಡಿದು ಕರೆದರು, ತಿರುಗಿ ನೋಡಿತು. ಗಿಲಕಿ ಕೊಟ್ಟರು, ಈ ಕೈಯಿಂದ ಆ ಕೈಗೆ ದಾಟಿಸಿತು. ಆಮೇಲೆ ಕೂರಿಸಿ ಮೆಲ್ಲಗೆ ಕೈ ಸಡಿಲಿಸಿದರೆ, ಅರ್ಧ ತುಂಬಿದ ಚೀಲದ ಹಾಗೆ ಪಕ್ಕಕ್ಕೆ ವಾಲಿತು. ತಾಯಿ ತಟ್ಟನೆ ಕೈ ಚಾಚಿ ಹಿಡಿದುಕೊಂಡಳು.

ಎಲ್ಲ ಮಕ್ಕಳೂ ಒಂದೇ ದಿನ ಕೂರುವುದಿಲ್ಲ, ಸ್ವಲ್ಪ ಹಿಂದೆ ಮುಂದೆ ಆಗುತ್ತದೆ ಎಂದರು ನರ್ಸಕ್ಕ. ಆದರೆ ಈ ಹೊತ್ತಿಗೆ ಹೆಚ್ಚಿನ ಮಕ್ಕಳು ಆಸರೆಯಿಲ್ಲದೆ ಕೂರುತ್ತವೆ, ಆದ್ದರಿಂದ ಕಾದು ನೋಡುವುದು ಬೇಡ ಎಂದು ಆಗಲೇ ಡಾಕ್ಟರ ಬಳಿ ಕಳಿಸಿದರು. ಡಾಕ್ಟರು ಕೈಕಾಲು, ಬೆನ್ನು, ಕಣ್ಣು, ಕಿವಿ ಎಲ್ಲ ಪರೀಕ್ಷಿಸಿದರು. ಕಾಯಿಲೆಯ ಲಕ್ಷಣ ಕಾಣಲಿಲ್ಲ. ಮಗು ನೆಲದ ಮೇಲೆ ಎಷ್ಟು ಹೊತ್ತು ಆಡುತ್ತದೆ ಎಂದು ಕೇಳಿದಾಗ ಬುಟ್ಟಿಯ ಕಥೆ ಹೇಳಲೇಬೇಕಾಯಿತು.

"ಮಗು ಹೊರಳ್ಬೇಕು, ಕೈಯೂರಿ ಏಳ್ಬೇಕು ಕಣಮ್ಮ," ಎಂದರು ಡಾಕ್ಟರು. "ಬುಟ್ಟೀಲಿ ಒರಗಿಸಿಬಿಟ್ರೆ ಅದರ ಬೆನ್ನಿಗೆ ಕೆಲಸ ಎಲ್ಲಿ? ದಿನಾ ನೆಲಕ್ಕೆ ಬಿಡಿ, ಹೊರಗೆ ಕರ್ಕೊಂಡು ಹೋಗಿ. ಒಂದು ತಿಂಗಳು ಬಿಟ್ಟು ಮತ್ತೆ ತೋರಿಸಿ."

ಮನೆಗೆ ಬಂದು ಹೇಳಿದರೆ ಅಜ್ಜಿ ಮೂಗು ಮುರಿದರು. ಇವಳಪ್ಪನೂ ತಡವಾಗಿಯೇ ಕೂತದ್ದು, ಈಗ ನೋಡಿ, ಕೂತರೆ ಏಳುವುದೇ ಇಲ್ಲ ಅಂತ. ಟೈಲರಣ್ಣನಿಗೆ ಶಾಲೆಯ ಸಮವಸ್ತ್ರಗಳ ರಾಶಿ, ವಾರದ ರಜೆಯನ್ನೂ ಅದಕ್ಕೇ ಕೊಟ್ಟಿದ್ದ. ಪುರುಸೊತ್ತೆಲ್ಲಿ ಎಂದ.

ಗುಂಡಿಯ ತಾಯಿ ದನಿ ಏರಿಸಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವತ್ತು ಹೋಗಿ, ಓಡುತ್ತಿದ್ದ ಯಂತ್ರದ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿಬಿಟ್ಟಳು.

"ಅತ್ತೆ, ನಿಮ್ಮ ಹೆದರಿಕೆ ನನಗೆ ಅರ್ಥ ಆಗುತ್ತೆ. ಆದ್ರೆ ಸೂಜಿಗೆ ಹೆದರಿ ನನ್ನ ಮಗಳನ್ನ ಬುಟ್ಟೀಲೇ ಬೆಳೆಸೋಕೆ ನಾನು ಒಪ್ಪಲ್ಲ. ಇನ್ಮೇಲೆ ರಜೆ ದಿನ ಅಂಗಡಿ ಮುಚ್ಚುತ್ತೆ. ಮಗೂನ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ, ಬರೋರು ಬನ್ನಿ, ಬರದೋರು ಹೊಲೀತಾ ಕೂತ್ಕೊಳ್ಳಿ."

ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು, ಅಜ್ಜಿಗೆ ಹೆದರಿ ಸುಮ್ಮನಿದ್ದೆ. ಅವಳು ಹಿಂದಿನ ಕೋಣೆಯಿಂದ ಸೂಜಿ ದಾರವನ್ನೆಲ್ಲ ಹೊರಗೆ ಸಾಗಿಸಿ, ನೆಲ ಒರೆಸಿ, ದಪ್ಪ ಚಾಪೆ ಹಾಸಿದಳು. ಎಚ್ಚರವಾಗಿದ್ದಾಗ ಗುಂಡಿಯನ್ನು ಅದರ ಮೇಲೆ ಬೋರಲು ಮಲಗಿಸಿ, ತಾನು ಎದುರಿಗೇ ಕೂತು ಆಡಿಸತೊಡಗಿದಳು.

ರಜೆಯ ದಿನ ಅಂಗಡಿಯ ಬಾಗಿಲು ಎಳೆದೇಬಿಟ್ಟಳು. ಬಟ್ಟೆ ಕೇಳಲು ಬಂದವರಿಗೆ ನಾಳೆ ಬನ್ನಿ ಎಂದಳು. ನಾನೂ ಇಸ್ತ್ರಿ ಪೆಟ್ಟಿಗೆ ಆರಿಸಿ ಹೊರಟೆ, ಇಂಥ ದಿನ ತಪ್ಪಿಸಿಕೊಳ್ಳಲಾದೀತೇ? ಟೈಲರಣ್ಣ ಮಗುವನ್ನು ಎತ್ತಿಕೊಂಡ. ಅಜ್ಜಿ ಮೂತಿ ಸೊಟ್ಟ ಮಾಡಿಕೊಂಡು ಹಿಂದೆ ಬಂದರು. ಪಾರ್ಕಿನಲ್ಲಿ ಸೊಸೆ ಮರದ ನೆರಳಿಗೆ ದುಪ್ಪಟಿ ಹಾಸಲು ಹೋದರೆ, ಅಜ್ಜಿ ತಡೆದು ಸೊಂಟದಿಂದ ಅಯಸ್ಕಾಂತ ತೆಗೆದರು. ಹುಲ್ಲಿನ ಮೇಲೆಲ್ಲ ಎಳೆದರು. ತುಕ್ಕು ಹಿಡಿದ ಬಾಟಲಿ ಮುಚ್ಚಳವೊಂದು ಅಂಟಿಕೊಂಡು ಬಂತು. ಅದನ್ನು ನಮ್ಮೆಲ್ಲರ ಮುಖಕ್ಕೆ ಹಿಡಿದು ತೋರಿಸಿದರು.

ಮೊದಲ ಸಲ ಗುಂಡಿ ಬರೀ ಅತ್ತಳು. ಮುಂದಿನ ವಾರ ಕಾಗೆ ಕಂಡು ಬೋರಲಲ್ಲೇ ಕೈಯೂರಿ ಎದೆ ಎತ್ತಿದಳು. ಮತ್ತೆ ಡಾಕ್ಟರಿಗೆ ತೋರಿಸುವ ಹೊತ್ತಿಗೆ ಎರಡು ಕೈ ಊರಿ ಕೂರುತ್ತಿದ್ದಳು. ಆಮೇಲೊಂದು ದಿನ ಮರದಿಂದ ಎಲೆಯೊಂದು ಬಿತ್ತು. ಅದನ್ನು ಹಿಡಿಯಲು ಎರಡೂ ಕೈ ಎತ್ತಿದಳು, ವಾಲಲಿಲ್ಲ. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನನ್ನ ಕಣ್ಣೂ ಒದ್ದೆಯಾಯಿತು.

ಕೆಲವು ವಾರಗಳಲ್ಲಿ ಅಂಬೆಗಾಲೂ ಬಂತು. ಅವಳು ದುಪ್ಪಟಿ ದಾಟಿ ಮಣ್ಣಿಗಿಳಿದಾಗ, ವಾಕಿಂಗ್ ಬಂದಿದ್ದ ದೊಡ್ಡ ಮನುಷ್ಯರೊಬ್ಬರು ನಿಂತು, ಎಳೆಕೂಸನ್ನು ಹೀಗೆ ಬಿಡುವುದೇ, ಅಜ್ಜಿಯಾಗಿ ನೀವಾದರೂ ಬುದ್ಧಿ ಹೇಳಬಾರದೇ ಎಂದರು. ನಾವೆಲ್ಲ ಅಜ್ಜಿಯ ಕಡೆ ತಿರುಗಿದೆವು.

ಅಜ್ಜಿ ಎದ್ದು ನಿಂತರು. "ನಾನೇ ಬಿಟ್ಟಿದ್ದು. ನೆಲಾನೂ ನೋಡಿದೀನಿ, ಮಗೂನೂ ನೋಡ್ತಾ ಇದೀನಿ. ನೀವು ಸ್ವಲ್ಪ ದಾರಿ ಬಿಡಿ, ಅವಳಿಗೆ ಆ ಕಡೆ ಹೋಗ್ಬೇಕಂತೆ."

ಆ ಮನುಷ್ಯರು ದಾರಿ ಬಿಟ್ಟರು.

ಈಗ ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಮನೆಯ ಮಗು ದಿನವೂ ನೆಲ ಕಾಣುತ್ತದೆಯೇ? ಆರು ತಿಂಗಳ ಆಸುಪಾಸಿಗೆ ಹೊರಳುತ್ತಿದೆಯೇ, ಒಂಬತ್ತಕ್ಕೆ ಕೂರುತ್ತಿದೆಯೇ, ವರ್ಷದ ಹೊತ್ತಿಗೆ ಏನನ್ನಾದರೂ ಹಿಡಿದು ನಿಲ್ಲುತ್ತಿದೆಯೇ, ಕರೆದರೆ ತಿರುಗುತ್ತದೆಯೇ ಎಂದು ಕಣ್ಣಿಟ್ಟು ನೋಡಿ. ಅನುಮಾನ ಬಂದರೆ, ಕಲಿತದ್ದನ್ನು ಮಗು ಮರೆತ ಹಾಗೆ ಕಂಡರೆ, ತಡಮಾಡದೆ ನರ್ಸ್ ಅಥವಾ ಡಾಕ್ಟರಿಗೆ ತೋರಿಸಿ. ಮುಳ್ಳು, ಸೂಜಿ, ಗಾಜು ಇಲ್ಲದ ಜಾಗ ನೋಡಿ, ಪಕ್ಕದಲ್ಲೇ ಕೂತು ಆಡಿಸಿ. ವಾರಕ್ಕೊಮ್ಮೆಯಾದರೂ ಮನೆಮಂದಿಯೆಲ್ಲ ಮಗುವನ್ನು ಹೊರಗೆ ಕರೆದೊಯ್ಯಿರಿ. ಯಾರು ಏನಾದರೂ ಅಂದುಕೊಳ್ಳಲಿ. ಕೆಲಸ ನಾಳೆಯೂ ಇರುತ್ತದೆ. ಬಾಗಿಲು ಎಳೆಯಿರಿ, ಮಗುವನ್ನು ನೆಲಕ್ಕಿಳಿಸಿ.