ಕೆಂಪು ಕ್ಲಿಪ್ಪಿನ ಚಿಕ್ಕಹನುಮಯ್ಯ

ಚಿಕ್ಕಹನುಮಯ್ಯನವರು ಕೂತದ್ದನ್ನು ನಾನು ಕಂಡಿಲ್ಲ. ಯಲಹಂಕದ ಹಳೇ ಪೇಟೆಯ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ಅವರು ಅಟೆಂಡರು. ಮೇ ತಿಂಗಳಲ್ಲೂ ಕಂದು ಸ್ವೆಟರು ತೊಟ್ಟು, ಕೌಂಟರಿನ ಕಂಪ್ಯೂಟರಿಗೂ ಡಾಕ್ಟರ ಕೋಣೆಯ ಕಂಪ್ಯೂಟರಿಗೂ ನಡುವೆ, ಕತ್ತು ಮುಂದೆ ಚಾಚಿ, ಹೆರಿಗೆ ಕೋಣೆಯ ಹೊರಗಿನ ಗಂಡಸಿನಂತೆ ಸದಾ ಶತಪಥ ಹಾಕುತ್ತಿದ್ದರು. ಕೈಯಲ್ಲಿ ಬಟ್ಟೆ ಒಣಹಾಕುವ ಒಂದು ಕೆಂಪು ಕ್ಲಿಪ್ಪು.

ಎರಡು ಕಂಪ್ಯೂಟರಿಗೂ ಮಕ್ಕಳ ದಾಖಲೆ ಒಂದೇ. ಕ್ಲಿಪ್ಪು ಯಾರ ಪರದೆಯ ಅಂಚನ್ನು ಕಚ್ಚಿದೆಯೋ ಅವರಷ್ಟೇ ಅದರಲ್ಲಿ ಬರೆಯಬೇಕು, ಮಿಕ್ಕವರು ಕಾಯಬೇಕು. ಇದು ಅವರ ಶಾಸನ.

"ಉಸಿರಾಡೋಕೂ ನಿಮ್ ಕ್ಲಿಪ್ ಬೇಕಾ, ಹನುಮಯ್ಯನೋರೆ?" ಎಂದು ಕೌಂಟರಿನ ಸರಳಾ ಕೆಣಕುವಳು.

"ಉಸ್ರು ಇಬ್ರೂ ಒಟ್ಗೇ ಆಡ್ಬೋದು ಕಣಮ್ಮ. ಬರೆಯಂಗಿಲ್ಲ."

ಎರಡು ಸಾವಿರದ ಹನ್ನೆರಡರ ಒಂದು ಸಂಜೆ, ಯಾವುದೋ ಸಿರಪ್ಪಿಗೆ ಮೈಯೆಲ್ಲ ದದ್ದೆದ್ದು ತುಟಿ ಊದಿದ್ದ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಹೋಗಿದ್ದೆ. ಆ ಮದ್ದನ್ನು ಇನ್ನೆಂದೂ ಕೊಡಕೂಡದೆಂದು ಡಾಕ್ಟರು ದಾಖಲೆಯಲ್ಲಿ ಬರೆಯತೊಡಗಿದರು. ಕ್ಲಿಪ್ಪು ಅವರ ಪರದೆಯ ಅಂಚಿನಲ್ಲಿತ್ತು. ಹೊರಗೆ ಆಟೋ ಕಾಯುತ್ತಿತ್ತು, ನನಗೆ ಎಂದಿನ ಧಾವಂತ. "ಫೋನ್ ನಂಬರ್ ಬದಲಾಗಿದೆ, ಅದೊಂದೇ ತಾನೆ, ಹಾಕ್ಬಿಡಿ ಪ್ಲೀಸ್" ಎಂದು ಸರಳಾಳನ್ನು ಪೀಡಿಸಿದೆ. ಅವಳೂ ಹಾಕಿಬಿಟ್ಟಳು.

ಆಟೋ ಹೊರಡುವಷ್ಟರಲ್ಲಿ ಹನುಮಯ್ಯನವರು ಬರಿಗಾಲಲ್ಲಿ ಓಡಿಬಂದರು.

"ಇಳೀರಮ್ಮ. ಪಾಪೂಗೆ ಆಗ್ದಿರೋ ಮದ್ದಿನ ಎಸ್ರು ಅಲ್ಲಿಲ್ಲ."

"ಡಾಕ್ಟ್ರು ಈಗ್ಲೇ ಬರೆದ್ರಲ್ಲ?"

"ಬರದ್ರು, ನಾನೇ ನೋಡ್ದೆ. ಈಗಿಲ್ಲ."

ನಾವು ಬಂದಾಗಲೇ ತನ್ನ ಪರದೆಯಲ್ಲಿ ತೆರೆದಿದ್ದ ಹಳೆಯ ಪುಟಕ್ಕೆ ಸರಳಾ ನಂಬರು ಸೇರಿಸಿ ಉಳಿಸಿದ್ದಳು. ಆ ಇಡೀ ಪುಟ ಡಾಕ್ಟರ ಹೊಸ ಸಾಲಿನ ಮೇಲೆ ಕೂತು ಅದನ್ನು ಅಳಿಸಿತ್ತು. ಪ್ರತಿ ಮಗು ಹೊರಟ ಮೇಲೆ ಅದರ ಪುಟವನ್ನು ಮತ್ತೊಮ್ಮೆ ತೆರೆದು ಓದುವುದು ಹನುಮಯ್ಯನವರ ಇನ್ನೊಂದು ಹುಚ್ಚು. ಆ ಹುಚ್ಚಿಲ್ಲದಿದ್ದರೆ, ಮುಂದಿನ ಜ್ವರಕ್ಕೆ ಬೇರೆ ಯಾವ ಡಾಕ್ಟರೋ ಅದೇ ಸಿರಪ್ಪು ಬರೆದುಕೊಡುತ್ತಿದ್ದರು.

ಮಗಳನ್ನೆತ್ತಿಕೊಂಡು ಇಳಿದು ಒಳಗೆ ಹೋದೆ. ಸರಳಾ ಅಳುವಂತಾಗಿದ್ದಳು. ಅವರು ಬೈಯಲಿಲ್ಲ. "ಇಬ್ರೂ ಸರಿಯಾಗೇ ಬರ್ದವ್ರೆ. ಒಟ್ಗೆ ಬರ್ದವ್ರೆ, ಅಷ್ಟೆ" ಎಂದು, ಡಾಕ್ಟರು ಆ ಸಾಲನ್ನು ಮತ್ತೆ ಬರೆಯಲೆಂದು ಕ್ಲಿಪ್ಪನ್ನು ಒಳಗೆ ಒಯ್ದರು.

ಮುಂದೆ, ಒಬ್ಬರು ಬರೆಯುತ್ತಿರುವಾಗ ಎರಡನೆಯವರನ್ನು ತಾನೇ ತಡೆಯುವ ಹೊಸ ಸಾಫ್ಟ್‌ವೇರು ಬಂತು. ಕ್ಲಿಪ್ಪು ಅವರ ಸ್ವೆಟರಿನ ಜೇಬು ಸೇರಿತು. ಶತಪಥ ಮಾತ್ರ ನಿಲ್ಲಲಿಲ್ಲ.

ನನ್ನಂಥವರ ಆತಂಕ ನೂರು ಕಡೆ ಹರಿದು, ಎದುರಿಗೆ ಸಿಕ್ಕವರನ್ನೆಲ್ಲ ಅವಸರಪಡಿಸುತ್ತದೆ. ಅವರಂಥವರು ಒಂದೇ ಒಂದನ್ನು ಆರಿಸಿಕೊಂಡು, ಊರೆಲ್ಲ ಬೈದರೂ ಅದಕ್ಕೆ ಮಾತ್ರ ಹೆದರುತ್ತಾರೆ. ಅವರು ನಮ್ಮನ್ನು ಕಾಯಿಸುವಾಗ, ನಮ್ಮ ಮಕ್ಕಳನ್ನು ಕಾಯುತ್ತಿರುತ್ತಾರೆ ಎಂಬುದು ನಮಗೆ ಹೊಳೆಯುವುದು ಆಟೋದಿಂದ ಇಳಿದ ಮೇಲೆ.